ಕಡವು ದಾಟಿದ ಕಾಲೇಜು ದಿನಗಳು

ಉಡುಪಿ ಸೀಮೆಗೆ ಈಗ ವಿದ್ಯೆಯ ಸೀಮೆ ಎಂಬ ಹೆಸರಿದೆ. ಮಣಿಪಾಲದ ಗುಡ್ಡದಲ್ಲಿ ದೇಶದ ಎಲ್ಲ ಮೂಲೆಗಳ ಭಾಷೆಗಳು ಕಿವಿಗೆ ಬೀಳುತ್ತವೆ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಎಂಜಿನಿಯರಿಂಗ್ ಓದಿದವರು ಅಮೆರಿಕದಲ್ಲೂ ಸಿಗುತ್ತಾರೆ. ಕಾಪು ಪೇಟೆಯ ಹೆದ್ದಾರಿ ಬದಿಯಲ್ಲಿ ಬೆಳಗ್ಗೆ ಎಂಟು ಗಂಟೆಗೆ ನಿಂತರೆ ಚೀಲ ಬೆನ್ನಿಗೆ ಹಾಕಿದ ಮಕ್ಕಳ ಸಾಲು ಉಡುಪಿ ಕಡೆಗೂ ಮಂಗಳೂರು ಕಡೆಗೂ ಬಸ್ ಹತ್ತುವುದನ್ನು ಕಾಣಬಹುದು. ಇದೆಲ್ಲ ಮೊದಲಿನಿಂದಲೂ ಹೀಗೆಯೇ ಇತ್ತೆಂದು ಇಂದಿನ ಹುಡುಗ ಹುಡುಗಿಯರು ಭಾವಿಸಿದರೆ ತಪ್ಪೇನಿಲ್ಲ. ಆದರೆ ನಿಜ ಸಂಗತಿ ಬೇರೆ. 1949ರ ತನಕ ಇಡೀ ಉಡುಪಿ-ಕಾರ್ಕಳ ಪ್ರದೇಶದಲ್ಲಿ ಕಲೆ, ವಿಜ್ಞಾನ ಕಲಿಸುವ ಒಂದೇ ಒಂದು ಕಾಲೇಜು ಇರಲಿಲ್ಲ. ಸಂಸ್ಕೃತ ಕಲಿಯುವವರಿಗೆ ಉಡುಪಿಯಲ್ಲಿ ಮಠಗಳ ಆಶ್ರಯದ ಪಾಠಶಾಲೆ ಇತ್ತು. ಮೆಟ್ರಿಕ್ಯುಲೇಷನ್ ತನಕ ಓದಿಸಲು ಕ್ರಿಶ್ಚಿಯನ್ ಹೈಸ್ಕೂಲಿನಂಥ ಕೆಲವು ಶಾಲೆಗಳಿದ್ದವು. ಅದರಾಚೆಗೆ ಓದಬೇಕೆಂದರೆ ಊರು ಬಿಡಬೇಕಿತ್ತು.

ಊರು ಬಿಡುವುದೆಂದರೆ ಸುಮಾರು 60 ಕಿಲೋಮೀಟರ್ ದೂರದ ಮಂಗಳೂರಿಗೆ ಹೋಗುವುದು. ಈಗ ಒಂದೂವರೆ ಗಂಟೆಯ ದಾರಿ. ಸೇತುವೆಗಳಾಗುವ ಮೊದಲು ಅದು ಅಷ್ಟು ಸಲೀಸಾದ ಪ್ರಯಾಣವಾಗಿರಲಿಲ್ಲ. ಉದ್ಯಾವರ, ಮೂಲ್ಕಿ, ಪಾವಂಜೆ, ಕೂಳೂರು ಎಂದು ಹೊಳೆಗಳು ಒಂದರ ಹಿಂದೊಂದು ಅಡ್ಡ ಬರುತ್ತಿದ್ದವು. ಪ್ರತಿ ಹೊಳೆಗೂ ಒಂದು ಕಡವು, ಕಡವಿಗೊಂದು ದೋಣಿ. ಈಚೆ ದಡದಲ್ಲಿ ಬಸ್ ಇಳಿದು ಟ್ರಂಕು ಹೊತ್ತು ದೋಣಿ ಹತ್ತಬೇಕು, ಆಚೆ ದಡದಲ್ಲಿ ಇನ್ನೊಂದು ಬಸ್ಸಿಗೆ ಕಾಯಬೇಕು. ಮಳೆಗಾಲದಲ್ಲಿ ಹೊಳೆ ತುಂಬಿ ಹರಿದರೆ ದೋಣಿಯೂ ಇಲ್ಲ. ಕಾಲೇಜು ಪ್ರಾರಂಭವಾಗುವುದೂ ಜೂನ್ ತಿಂಗಳ ಸುರಿಮಳೆಯಲ್ಲೇ.

ಮಂಗಳೂರಿನಲ್ಲಿ ಇದ್ದ ಅವಕಾಶವೂ ಸೀಮಿತ. ಸರಕಾರಿ ಕಾಲೇಜು ಒಂದು, ಇಟಲಿಯ ಜೆಸುವಿತ್ ಪಾದ್ರಿಗಳು 1880ರಲ್ಲಿ ತೆರೆದ ಸಂತ ಅಲೋಶಿಯಸ್ ಕಾಲೇಜು ಇನ್ನೊಂದು. ಹೆಣ್ಣುಮಕ್ಕಳಿಗಾಗಿ 1921ರಲ್ಲಿ ಸಂತ ಆಗ್ನೆಸ್ ಕಾಲೇಜು ಬಂತು. ಪಾಠ ಮಂಗಳೂರಿನಲ್ಲಿ ನಡೆದರೂ ಪರೀಕ್ಷೆ, ಪದವಿ ಎಲ್ಲವೂ 1857ರಲ್ಲಿ ಸ್ಥಾಪನೆಯಾದ ಮದರಾಸು ವಿಶ್ವವಿದ್ಯಾನಿಲಯದ್ದು. ದಕ್ಷಿಣ ಕನ್ನಡ ಜಿಲ್ಲೆ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತಲ್ಲ! ಎರಡು ವರ್ಷದ ಇಂಟರ್‌ಮೀಡಿಯೆಟ್ ಮುಗಿಸಿ, ಮತ್ತೆರಡು ವರ್ಷ ಓದಿದರೆ ಬಿ.ಎ. ಅದಕ್ಕಿಂತ ಹೆಚ್ಚಿನದು ಬೇಕೆಂದರೆ, ವೈದ್ಯನೋ ವಕೀಲನೋ ಆಗಬೇಕೆಂದರೆ ಮದರಾಸೇ ಗತಿ. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ಆ ದಾರಿ ತುಸು ಹಗುರವಾಯಿತು. ಮಂಜೇಶ್ವರದ ಗೋವಿಂದ ಪೈಗಳೂ ಮುಂದೆ ಮಣಿಪಾಲವನ್ನು ಕಟ್ಟಿದ ಡಾ. ಟಿ.ಎಂ.ಎ. ಪೈಗಳೂ ಮದರಾಸಿಗೆ ಹೋಗಿ ಓದಿದವರೇ.

ಹಾಗಾಗಿ ಕಾಲೇಜು ಎಂಬುದು ಕೆಲವೇ ಮನೆಗಳ ಸೊತ್ತಾಗಿತ್ತು. ಭೂಮಿ ಇದ್ದವರು, ವ್ಯಾಪಾರ ಇದ್ದವರು, ಮಂಗಳೂರಿನಲ್ಲಿ ನೆಂಟರಿದ್ದವರು ಮಕ್ಕಳನ್ನು ಕಳಿಸಿದರು. ಕೆಲವು ಹುಡುಗರು ವಾರಾನ್ನದ ಆಸರೆಯಲ್ಲಿ ಓದಿದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಊಟದ ಸರದಿ. ಆದರೆ ವಾರಾನ್ನದ ಎಲೆಯೂ ಎಲ್ಲ ಜಾತಿಯವರಿಗೆ ಹಾಕುವ ಎಲೆಯಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಅದರ ಕೊರತೆಯನ್ನು ತುಂಬಲೆಂದೇ ಬೇರೆ ಬೇರೆ ಸಮುದಾಯಗಳು ಮಂಗಳೂರಿನಲ್ಲಿ ತಮ್ಮ ತಮ್ಮ ವಿದ್ಯಾರ್ಥಿ ನಿಲಯಗಳನ್ನು ಕಟ್ಟಿಕೊಂಡವು. ಕೈಯಲ್ಲಿ ಏನೂ ಇಲ್ಲದವರು ಇನ್ನೊಂದು ದಾರಿ ಹಿಡಿದರು. ಕಾಪು, ಕಾರ್ಕಳದ ಹಳ್ಳಿಗಳಿಂದ ಮುಂಬಯಿ ಸೇರಿ, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡಿಗರ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತವರ ಸಂಖ್ಯೆ ಸಣ್ಣದಲ್ಲ. ಅವರಲ್ಲಿ ಕೆಲವರು ಮುಂದೆ ಪದವೀಧರರಾದರು, ವಕೀಲರಾದರು. ಆ ಕಾಲದ ಕರಾವಳಿಯ ಬಡ ಹುಡುಗನಿಗೆ ಮಂಗಳೂರಿಗಿಂತ ಮುಂಬಯಿ ಹತ್ತಿರವಾಗಿತ್ತು!

ಕುಂಜಿಬೆಟ್ಟಿನ ಮೊದಲ ಕಾಲೇಜು

ಈ ಚಿತ್ರವನ್ನು ಬದಲಿಸಿದ್ದು 1949. ಟಿ.ಎಂ.ಎ. ಪೈಗಳು 1942ರಲ್ಲೇ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದ್ದರು. ಅದರ ಆಶ್ರಯದಲ್ಲಿ ಉಡುಪಿ-ಮಣಿಪಾಲ ದಾರಿಯ ಕುಂಜಿಬೆಟ್ಟಿನಲ್ಲಿ ಒಂದು ಕಾಲೇಜು ಎದ್ದಿತು. ಗಾಂಧೀಜಿ ತೀರಿಕೊಂಡ ಮರುವರ್ಷವಾದ್ದರಿಂದ ಅದಕ್ಕೆ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ಎಂದೇ ಹೆಸರಾಯಿತು. ಜನರ ಬಾಯಲ್ಲಿ ಅದು ಎಂ.ಜಿ.ಎಂ. ಕಾಲೇಜು.

ಒಂದು ಊರಿಗೆ ಕಾಲೇಜು ಬಂದರೆ ಏನಾಗುತ್ತದೆ? ಮೊದಲನೆಯದಾಗಿ ಖರ್ಚು ಇಳಿಯುತ್ತದೆ. ಮನೆಯಲ್ಲೇ ಗಂಜಿ ಉಂಡು, ನಡೆದೋ ಸೈಕಲ್ ತುಳಿದೋ ಬರುವ ಹುಡುಗನಿಗೆ ಹಾಸ್ಟೆಲಿನ ಹಂಗಿಲ್ಲ. ಎರಡನೆಯದು ಅದಕ್ಕಿಂತ ದೊಡ್ಡದು. ದೂರದ ಊರಿಗೆ ಮಗಳನ್ನು ಕಳಿಸಲು ಒಪ್ಪದ ತಂದೆ ಸಂಜೆಗೆ ಮನೆಗೆ ಮರಳುವ ಮಗಳನ್ನು ಕಾಲೇಜಿಗೆ ಕಳಿಸಲು ಒಪ್ಪುತ್ತಾನೆ. ಕರಾವಳಿಯ ಹೆಣ್ಣುಮಕ್ಕಳ ಉನ್ನತ ಶಿಕ್ಷಣದ ಕತೆಯಲ್ಲಿ ಭಾಷಣಗಳಿಗಿಂತ ಈ ಹತ್ತಿರದ ಕಾಲೇಜುಗಳು ಮಾಡಿದ ಕೆಲಸವೇ ಹೆಚ್ಚು. ಕುಂದಾಪುರದಲ್ಲಿ 1963ರಲ್ಲಿ ಭಂಡಾರ್ಕಾರ್ಸ್ ಕಾಲೇಜು ಬಂತು. ಮುಂದೆ ವೈದೇಹಿ ಎಂಬ ಹೆಸರಿನಿಂದ ಕನ್ನಡಕ್ಕೆ ದೊಡ್ಡ ಕತೆಗಾರ್ತಿಯಾದವರು ಅಲ್ಲಿ ಬಿ.ಕಾಂ. ಓದಿದರು. ಆ ಕಾಲೇಜು ಊರಿನಲ್ಲಿ ಇಲ್ಲದಿರುತ್ತಿದ್ದರೆ ಎಷ್ಟು ಮಂದಿ ಹೆಣ್ಣುಮಕ್ಕಳ ಓದು ಹೈಸ್ಕೂಲಿಗೇ ನಿಲ್ಲುತ್ತಿತ್ತೋ ಯಾರು ಬಲ್ಲರು?

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಾಲೇಜುಗಳೂ ಮದರಾಸಿನ ಕೈಯಿಂದ ಬಿಡಿಸಿಕೊಂಡು ಮೈಸೂರು ವಿಶ್ವವಿದ್ಯಾನಿಲಯದ ತೆಕ್ಕೆಗೆ ಬಂದವು. ಇಂಟರ್‌ಮೀಡಿಯೆಟ್ ಹೋಗಿ ಪಿ.ಯು.ಸಿ. ಬಂತು. ಅದು ಮೊದಲಿಗೆ ಒಂದು ವರ್ಷದ್ದು, ಎಪ್ಪತ್ತರ ದಶಕದಲ್ಲಿ ಎರಡು ವರ್ಷದ್ದಾಯಿತು. ಪದವಿಗೆ ಮೂರು ವರ್ಷ ಎಂಬುದು ಗಟ್ಟಿಯಾಯಿತು.

ಅರುವತ್ತರ ದಶಕವನ್ನು ಈ ಸೀಮೆಯ ಕಾಲೇಜುಗಳ ಸುಗ್ಗಿಕಾಲ ಎನ್ನಬೇಕು. 1960ರಲ್ಲಿ ಅದಮಾರು ಮಠದ ಶ್ರೀ ವಿಬುಧೇಶತೀರ್ಥರು ಉಡುಪಿಯಲ್ಲಿ ಪೂರ್ಣಪ್ರಜ್ಞ ಕಾಲೇಜನ್ನು ಆರಂಭಿಸಿದರು. ಅದೇ ವರ್ಷ ಕಾರ್ಕಳಕ್ಕೆ ಶ್ರೀ ಭುವನೇಂದ್ರ ಕಾಲೇಜು ಬಂತು. 1967ರಲ್ಲಿ ಕಲ್ಯಾಣಪುರದಲ್ಲಿ ಮಿಲಾಗ್ರಿಸ್ ಕಾಲೇಜು ತೆರೆಯಿತು. ಮುಂದೆ ಕಾಪು ಬಳಿಯ ಶಿರ್ವಕ್ಕೂ ಕಾಲೇಜುಗಳು ಬಂದವು. ಮಠ, ಚರ್ಚು, ಬ್ಯಾಂಕು ಕಟ್ಟಿದವರು, ಊರಿನ ದಾನಿಗಳು ಹೀಗೆ ಒಬ್ಬರನ್ನು ನೋಡಿ ಒಬ್ಬರು ಕಾಲೇಜು ಕಟ್ಟಿದರು. ಸರಕಾರ ಮುಂದಾಗುವ ತನಕ ಕಾಯದೆ ಊರವರೇ ವಿದ್ಯಾಸಂಸ್ಥೆ ಕಟ್ಟಿಕೊಂಡದ್ದು ಈ ಜಿಲ್ಲೆಯ ವಿಶೇಷ. ಅದರ ಒಳಿತೂ ಕೆಡುಕೂ ಎರಡೂ ಮುಂದೆ ಕಾಣಿಸಿಕೊಂಡವು.

ಬಸ್ಸು, ರೂಮು, ಗೋಳಿಬಜೆ

ಆ ದಿನಗಳ ಕಾಲೇಜು ಬದುಕನ್ನು ರೂಪಿಸಿದ್ದು ತರಗತಿಯ ಕೋಣೆಯಷ್ಟೇ ಅಲ್ಲ, ಖಾಸಗಿ ಬಸ್ಸು ಕೂಡ. ಇಲ್ಲಿ ಸರಕಾರಿ ಬಸ್ಸಿಗಿಂತ ಖಾಸಗಿ ಬಸ್ಸುಗಳದ್ದೇ ದರಬಾರು. ಕಾಪುವಿನಿಂದ ಉಡುಪಿಗೆ 13 ಕಿಲೋಮೀಟರ್, ಕಾರ್ಕಳದಿಂದ 38. ಕಂಡಕ್ಟರನ ಸೀಟಿ, 'ರೈಟ್ ಪೋಯಿ' ಎಂಬ ತುಳುವಿನ ಕೂಗು, ಫುಟ್‌ಬೋರ್ಡಿನಲ್ಲಿ ನೇತಾಡುವ ಹುಡುಗರು, ಪುಸ್ತಕಗಳನ್ನು ಎದೆಗವಚಿಕೊಂಡು ಮುಂದಿನ ಸಾಲಿನಲ್ಲಿ ನಿಂತ ಹುಡುಗಿಯರು. ಕುಳಿತವರ ಮಡಿಲಿಗೆ ನಿಂತವರ ಪುಸ್ತಕ ಇಡುವುದು ಅಲಿಖಿತ ನಿಯಮ. ವಿದ್ಯಾರ್ಥಿಗಳ ರಿಯಾಯಿತಿ ದರ ಆಗಾಗ ತಕರಾರಿನ ವಿಷಯವಾಗುತ್ತಿತ್ತು. ಅರ್ಧ ಟಿಕೆಟಿನ ಹುಡುಗನನ್ನು ಹತ್ತಿಸಿಕೊಳ್ಳದೆ ಬಸ್ ಮುಂದೆ ಹೋದರೆ ಮರುದಿನ ಅದೇ ಬಸ್ಸಿಗೆ ಅಡ್ಡ ನಿಲ್ಲುವ ಸಾಹಸವೂ ನಡೆಯುತ್ತಿತ್ತು. ಹೊರಗಿನವರಿಗೆ ಇದು ಸಣ್ಣ ಸಂಗತಿ ಎನಿಸಬಹುದು. ಆದರೆ ತಿಂಗಳ ಬಸ್ ಖರ್ಚು ಎಷ್ಟು ಎಂಬುದರ ಮೇಲೆಯೇ ಎಷ್ಟೋ ಮಕ್ಕಳ ಓದು ನಿಂತಿತ್ತು.

ಬಸ್ ಇಲ್ಲದ ಹಳ್ಳಿಗಳ ಹುಡುಗರು ಪೇಟೆಯಲ್ಲಿ ಬಾಡಿಗೆ ರೂಮು ಹಿಡಿಯುತ್ತಿದ್ದರು. ಮೂರು ನಾಲ್ಕು ಮಂದಿಗೆ ಒಂದು ಕೋಣೆ, ಒಂದು ಸೀಮೆಎಣ್ಣೆ ಸ್ಟವ್. ಊರಿನಿಂದ ತಂದ ಕುಚ್ಚಿಲಕ್ಕಿ, ಅಮ್ಮ ಕಟ್ಟಿಕೊಟ್ಟ ಮಾವಿನಮಿಡಿ ಉಪ್ಪಿನಕಾಯಿ, ಒಣಮೀನು. ಕೈಯಲ್ಲಿ ನಾಲ್ಕು ಕಾಸು ಇದ್ದ ದಿನ ರಥಬೀದಿ ಹತ್ತಿರದ ಮಿತ್ರ ಸಮಾಜದಲ್ಲಿ ಗೋಳಿಬಜೆ, ಕಾಫಿ. ಯಾರಾದರೂ ಕ್ಲಾಸಿನಲ್ಲಿ ಪಾಸಾದರೆ ಡಯಾನಾದಲ್ಲಿ ಗಡ್‌ಬಡ್ ಐಸ್‌ಕ್ರೀಂ. ಕಲ್ಪನಾ, ಅಲಂಕಾರ್ ಟಾಕೀಸುಗಳಲ್ಲಿ ಸಿನಿಮಾ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪರ್ಯಾಯ ಬಂದರೆ ಇಡೀ ಊರೇ ನಿದ್ದೆಗೆಡುತ್ತಿತ್ತು. ಅಂದ ಮೇಲೆ ಕಾಲೇಜಿನ ಮಕ್ಕಳು ಕೇಳಬೇಕೇ? ಬೇಸಗೆಯ ರಾತ್ರಿಗಳಲ್ಲಿ ಬಯಲಿನಲ್ಲಿ ಯಕ್ಷಗಾನ. ಬೆಳಗಿನ ತನಕ ಆಟ ನೋಡಿ ಮೊದಲ ಪೀರಿಯಡ್‌ನಲ್ಲಿ ತೂಕಡಿಸುವವರನ್ನು ಮೇಷ್ಟ್ರುಗಳೂ ಕಂಡೂ ಕಾಣದಂತೆ ಬಿಡುತ್ತಿದ್ದರು, ಯಾಕೆಂದರೆ ಅವರೂ ಅದೇ ಆಟಕ್ಕೆ ಹೋದವರಾಗಿರುತ್ತಿದ್ದರು.

ಕಷ್ಟದ ದಿನಗಳೆಂದರೆ ಆಟಿ ತಿಂಗಳು. ಜುಲೈ-ಆಗಸ್ಟ್‌ನಲ್ಲಿ ಗದ್ದೆಯ ಕೆಲಸವೂ ಇಲ್ಲ, ಮೀನುಗಾರಿಕೆಯೂ ಇಲ್ಲ, ಕಣಜದ ಅಕ್ಕಿಯೂ ಮುಗಿಯುವ ಸಮಯ. ಶುಲ್ಕ ಕಟ್ಟುವ ಕಾಲವೂ ಅದೇ. ಈ ಕೊರತೆಯನ್ನು ನೀಗಿದವರು ಬಹುತೇಕ ಹೆಂಗಸರು. ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿದ ತಾಯಂದಿರು, ಅಕ್ಕಂದಿರು. ಶಂಕರಪುರದ ಸುತ್ತಮುತ್ತ ಮುಂಜಾನೆ ಮಲ್ಲಿಗೆ ಮೊಗ್ಗು ಕೊಯ್ದು, ಕಟ್ಟಿ, ಮಾರಿ ಬಂದ ಹಣವನ್ನು ಜೋಪಾನವಾಗಿ ತೆಗೆದಿಟ್ಟವರು. ಉಡುಪಿ ಸೀಮೆಯ ವಿದ್ಯಾಭ್ಯಾಸದ ಇತಿಹಾಸ ಬರೆಯುವಾಗ ಸ್ಥಾಪಕರ ಭಾವಚಿತ್ರಗಳ ಪಕ್ಕದಲ್ಲಿ ಒಂದು ಬೀಡಿಯ ಮೊರವನ್ನೂ ಒಂದು ಮಲ್ಲಿಗೆಯ ಅಟ್ಟೆಯನ್ನೂ ಇಡಬೇಕು.

ಇನ್ನೊಂದು ದೊಡ್ಡ ತಿರುವು 1974ರ ಭೂಸುಧಾರಣೆ ತಿದ್ದುಪಡಿ ಕಾಯಿದೆ. ಒಕ್ಕಲುಗಳೇ ಹೆಚ್ಚಾಗಿದ್ದ ಈ ಜಿಲ್ಲೆಯಲ್ಲಿ ಗೇಣಿದಾರ ತಾನು ಉಳುತ್ತಿದ್ದ ಭೂಮಿಗೆ ಒಡೆಯನಾದ. ಧಣಿಯ ಅಂಗಳದಲ್ಲಿ ಅಕ್ಕಿಮುಡಿ ಇಳಿಸುತ್ತಿದ್ದವನ ಮಗ ಧಣಿಯ ಮಗನ ಪಕ್ಕದ ಬೆಂಚಿನಲ್ಲಿ ಕುಳಿತ. ಎಪ್ಪತ್ತರ ದಶಕದ ಕೊನೆ ಮತ್ತು ಎಂಬತ್ತರ ದಶಕದ ತರಗತಿಗಳಲ್ಲಿ ಮನೆಗೆ ಮೊದಲ ಪದವೀಧರರಾದವರು ಎದ್ದು ಕಾಣುವಷ್ಟು ಸಂಖ್ಯೆಯಲ್ಲಿದ್ದರೆ ಅದರ ಬೇರು ಈ ಕಾಯಿದೆಯಲ್ಲಿದೆ. ಅದೇ ಕಾಲಕ್ಕೆ ಭೂಮಿ ಕಳೆದುಕೊಂಡ ಮನೆಗಳ ಮಕ್ಕಳೂ ಇನ್ನು ಓದೇ ನಮಗೆ ಆಸ್ತಿ ಎಂದು ಕಾಲೇಜು ಸೇರಿದರು. ಹೀಗೆ ಒಂದೇ ಕಾನೂನು ಎರಡು ಬಗೆಯ ಮನೆಗಳನ್ನು ಒಂದೇ ಬಾಗಿಲಿಗೆ ತಂದು ನಿಲ್ಲಿಸಿತು.

ಊರಿಗೆ ತೆರೆದ ಬಾಗಿಲು

ಆ ಕಾಲದ ಕಾಲೇಜುಗಳಿಗೂ ಊರಿಗೂ ನಡುವೆ ಗೋಡೆ ಇರಲಿಲ್ಲ. ಅದಕ್ಕೆ ಅಧ್ಯಾಪಕರು ಕಾರಣ. ಎಂ.ಜಿ.ಎಂ.ನಲ್ಲಿ ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರು ಕಾಲೇಜನ್ನು ಪರೀಕ್ಷೆ ಪಾಸು ಮಾಡಿಸುವ ಕಾರ್ಖಾನೆ ಎಂದು ತಿಳಿದವರಲ್ಲ. ಅವರ ಮುಂದಾಳುತನ ಮತ್ತು ಶಿವರಾಮ ಕಾರಂತರ ಮಾರ್ಗದರ್ಶನದಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರ ಹುಟ್ಟಿತು. ಗಾಂಧೀಜಿಯ ಕರೆಗೆ ಓಗೊಟ್ಟು ಅಸಹಕಾರ ಚಳವಳಿಯ ದಿನಗಳಲ್ಲಿ ಕಾಲೇಜು ಓದನ್ನು ನಡುವೆಯೇ ಬಿಟ್ಟ ಕಾರಂತರು, ಅದೇ ಗಾಂಧೀಜಿಯ ಹೆಸರಿನ ಕಾಲೇಜಿಗೆ ಬಂದು ಯಕ್ಷಗಾನ ಕಲಿಸುವ ವ್ಯವಸ್ಥೆಗೆ ನೆರವಾದದ್ದು ಚರಿತ್ರೆಯ ಒಂದು ಸೊಗಸು. 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳ ಗ್ರಂಥ ಸಂಗ್ರಹ ಎಂ.ಜಿ.ಎಂ. ಕಾಲೇಜಿಗೆ ಬಂತು. ಅವರ ಹೆಸರಿನಲ್ಲಿ ಸಂಶೋಧನ ಕೇಂದ್ರ ಎದ್ದಿತು. ಅದೇ ಕೇಂದ್ರದಿಂದ ಡಾ. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ತುಳು ನಿಘಂಟು ಆರು ಸಂಪುಟಗಳಲ್ಲಿ ಹೊರಬಂತು. ಕೊನೆಯ ಸಂಪುಟ ಬಂದದ್ದು 1997ರಲ್ಲಿ. ಮನೆಯಲ್ಲಿ ಆಡುವ, ಆದರೆ ಶಾಲೆಯಲ್ಲಿ ಆಡಬಾರದು ಎನಿಸಿಕೊಂಡಿದ್ದ ತುಳುವಿಗೆ ಕಾಲೇಜೊಂದು ಕೊಟ್ಟ ಮರ್ಯಾದೆ ಅದು. ಹಣ, ಸಿಬ್ಬಂದಿ ಎಲ್ಲ ಇರುವ ದೊಡ್ಡ ವಿಶ್ವವಿದ್ಯಾನಿಲಯಗಳೂ ಸುಲಭವಾಗಿ ಕೈಹಾಕದ ಕೆಲಸ.

ಪೂರ್ಣಪ್ರಜ್ಞ ಕಾಲೇಜಿನದ್ದೂ ಒಂದು ಹೇಳಬೇಕಾದ ಸಂಗತಿ ಇದೆ. ನವ್ಯಕಾವ್ಯದ ಹರಿಕಾರ ಗೋಪಾಲಕೃಷ್ಣ ಅಡಿಗರು 1968ರಿಂದ 1971ರ ತನಕ ಅಲ್ಲಿ ಪ್ರಾಂಶುಪಾಲರಾಗಿದ್ದರು. ಮಠದ ಆಶ್ರಯದ ಕಾಲೇಜಿಗೆ, ಸಂಪ್ರದಾಯವನ್ನು ಪ್ರಶ್ನಿಸಿ ಬರೆಯುತ್ತಿದ್ದ ಕವಿ ಮುಖ್ಯಸ್ಥ! ಇಂದು ಇದು ಅಚ್ಚರಿ ಹುಟ್ಟಿಸಬಹುದು. ಕಟ್ಟಿದವರ ನಂಬಿಕೆ ಏನೇ ಇದ್ದರೂ ತರಗತಿಯಲ್ಲಿ ಪ್ರಶ್ನೆಗೆ ಜಾಗವಿರಬೇಕು ಎಂಬ ತಿಳಿವಳಿಕೆ ಆಗ ಇತ್ತು.

ಗುಡ್ಡದ ಮೇಲಿನ ಇನ್ನೊಂದು ಲೋಕ

ಎಂ.ಜಿ.ಎಂ.ನಿಂದ ಕೆಲವೇ ಮೈಲು ಮೇಲಕ್ಕೆ, ಮುರಕಲ್ಲಿನ ಬೋಳುಗುಡ್ಡದಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಅಲ್ಲಿ ಆರಂಭವಾಯಿತು. ಸರಕಾರದ ಹಣವಿಲ್ಲದೆ, ವಿದ್ಯಾರ್ಥಿಗಳಿಂದಲೇ ಬರುವ ಹಣದ ಮೇಲೆ ವೈದ್ಯಕೀಯ ಕಾಲೇಜು ನಡೆಸುವ ಯೋಚನೆ ದೇಶಕ್ಕೇ ಹೊಸದು. ಆಗ ಹತ್ತಿರದಲ್ಲಿ ದೊಡ್ಡ ಆಸ್ಪತ್ರೆಯೂ ಇರಲಿಲ್ಲ. ಮೊದಲ ವರ್ಷಗಳ ಪಾಠ ಮಣಿಪಾಲದಲ್ಲಿ ಮುಗಿಸಿ, ರೋಗಿಗಳ ನಡುವಿನ ಕಲಿಕೆಗೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಹೋಗಬೇಕಿತ್ತು. 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. ಬಳಿಕ ಔಷಧ ವಿಜ್ಞಾನ, ದಂತ ವೈದ್ಯಕೀಯ ಎಂದು ಒಂದೊಂದಾಗಿ ಸೇರಿಕೊಂಡವು. ಪೈಗಳು 1925ರಲ್ಲಿ ಉಡುಪಿಯಲ್ಲಿ ಕಟ್ಟಿದ, ದಿನಕ್ಕೆ ನಾಲ್ಕು ಕಾಸು ಕೂಡಿಸುವ ಪಿಗ್ಮಿ ಯೋಜನೆಯಿಂದ ಮನೆಮಾತಾದ ಸಿಂಡಿಕೇಟ್ ಬ್ಯಾಂಕು ಬೆನ್ನಿಗಿತ್ತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಗಿದೆ.

ಮಣಿಪಾಲದ ವಿದ್ಯಾರ್ಥಿ ಜೀವನ ಉಡುಪಿಯದ್ದಕ್ಕಿಂತ ಬೇರೆಯೇ. ಅಲ್ಲಿಗೆ ಬಂದವರಲ್ಲಿ ಪಂಜಾಬಿನವರು, ದಿಲ್ಲಿಯವರು, ಮಲೇಷ್ಯಾದವರು. ಹಾಸ್ಟೆಲೇ ಊರು, ಟೈಗರ್ ಸರ್ಕಲ್ಲೇ ಪೇಟೆ, ಎಂಡ್ ಪಾಯಿಂಟೇ ಸಂಜೆಯ ವಿಹಾರ. ತುಳು ಕಲಿಯದೆ, ಕನ್ನಡ ಕಲಿಯದೆ ಐದು ವರ್ಷ ಕಳೆದು ಹೋಗುವುದು ಅಲ್ಲಿ ಕಷ್ಟವಲ್ಲ. 1988ರಲ್ಲಿ ಇಲ್ಲಿಂದ ಎಂಜಿನಿಯರ್ ಆಗಿ ಹೊರಬಂದ ಸತ್ಯ ನಾದೆಲ್ಲ ಮುಂದೆ ಮೈಕ್ರೋಸಾಫ್ಟಿನ ಮುಖ್ಯಸ್ಥರಾದರು. ಅಂಥ ಹೆಸರುಗಳಿಂದ ಗುಡ್ಡದ ಕೀರ್ತಿ ಜಗತ್ತಿಗೆ ಹಬ್ಬಿತು. ಆದರೆ ಬುಡದಲ್ಲೇ ಇದ್ದ ಹಳ್ಳಿಯ ಜಾಣ ಹುಡುಗನಿಗೆ ಆ ಗೇಟು ಬಹುಕಾಲ ನೋಡುವ ಗೇಟಾಗಿಯೇ ಉಳಿಯಿತು. ಆಸ್ಪತ್ರೆಯಿಂದ ಊರಿಗೆ ಉಪಕಾರವಾಯಿತು, ನೂರಾರು ಮನೆಗಳಿಗೆ ಉದ್ಯೋಗ ಸಿಕ್ಕಿತು ಎಂಬುದೂ ಅಷ್ಟೇ ಸತ್ಯ.

ಹಣ ಕೊಟ್ಟು ಸೀಟು ಪಡೆಯುವ ಪದ್ಧತಿ ಸರಿಯೇ ಎಂಬ ಪ್ರಶ್ನೆ ಕ್ರಮೇಣ ಇಡೀ ರಾಜ್ಯದ್ದಾಯಿತು. ವಂತಿಗೆ ನಿಷೇಧಿಸುವ ಕಾಯಿದೆಯನ್ನು ಕರ್ನಾಟಕ 1984ರಲ್ಲಿ ತಂದಿತು. 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಂತಿಗೆ ಕಾನೂನುಬಾಹಿರ ಎಂದಿತು. 1993ರ ಉನ್ನಿಕೃಷ್ಣನ್ ತೀರ್ಪು ವೃತ್ತಿಶಿಕ್ಷಣದ ಖಾಸಗಿ ಕಾಲೇಜುಗಳಲ್ಲಿ ಅರ್ಧದಷ್ಟು ಸೀಟುಗಳನ್ನು ಸರಕಾರಿ ಶುಲ್ಕಕ್ಕೆ, ಅರ್ಹತೆಯ ಆಧಾರದಲ್ಲಿ ಕೊಡಬೇಕೆಂದಿತು. ಅದರ ಹಿಂದೆಯೇ 1994ರಲ್ಲಿ ಸಿ.ಇ.ಟಿ. ಬಂತು. ಆಗ ಮುಖ್ಯಮಂತ್ರಿಯಾಗಿದ್ದವರು ಕಾರ್ಕಳದ ಶಾಸಕ ವೀರಪ್ಪ ಮೊಯಿಲಿ ಎಂಬುದು ಈ ಸೀಮೆಯವರಿಗೆ ಹೆಮ್ಮೆಯ ವಿಷಯ. ಬೀಡಿ ಕಟ್ಟುವ ಮನೆಯ ಮಕ್ಕಳೂ ಎಂಜಿನಿಯರಿಂಗ್ ಕನಸು ಕಾಣಬಹುದು ಎಂಬ ಧೈರ್ಯ ಬಂದದ್ದು ಆ ಮೇಲೆ. ಲೋಕಸಭೆಯ ಸ್ಪೀಕರ್ ಆಗಿದ್ದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರ ಊರಾದ ನಿಟ್ಟೆಯಲ್ಲಿ 1986ರಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದರಿಂದ ಕಾರ್ಕಳದ ಮಕ್ಕಳಿಗೆ ಆ ಕನಸು ಕೈಗೆಟುಕುವಷ್ಟು ಹತ್ತಿರದಲ್ಲೂ ಇತ್ತು. 2002ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಾಧೀಶರ ಪೀಠ ಆ ವ್ಯವಸ್ಥೆಯನ್ನು ಸಡಿಲಿಸಿತು. ಅನುದಾನ ಪಡೆಯದ ಸಂಸ್ಥೆಗಳು ಶುಲ್ಕ ನಿಗದಿ ಮಾಡಿಕೊಳ್ಳಬಹುದು, ಆದರೆ ಲಾಭಕೋರತನ ಸಲ್ಲದು ಎಂದಿತು. ಆ ಪ್ರಕರಣದ ಹೆಸರು 'ಟಿ.ಎಂ.ಎ. ಪೈ ಫೌಂಡೇಷನ್ ವಿರುದ್ಧ ಕರ್ನಾಟಕ ರಾಜ್ಯ'. ದೇಶದ ಶಿಕ್ಷಣ ಕಾನೂನಿನ ಪುಸ್ತಕದಲ್ಲಿ ಉಡುಪಿ ಸೀಮೆಯ ಹೆಸರು ಹೀಗೂ ಅಚ್ಚಾಗಿದೆ.

ಉಳಿದದ್ದು, ಅಳಿದದ್ದು

1980ರ ಸೆಪ್ಟೆಂಬರಿನಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿ ಕೊಣಾಜೆ ಗುಡ್ಡ ಮಂಗಳಗಂಗೋತ್ರಿಯಾಯಿತು. ಒಂದು ಕಾಲಕ್ಕೆ ಮದರಾಸಿನಿಂದ ಬರುತ್ತಿದ್ದ ಪದವಿ ಪತ್ರ ಈಗ ಮನೆಯ ಹತ್ತಿರಕ್ಕೆ ಬಂತು. 1993ರಲ್ಲಿ ಮಣಿಪಾಲದ ಸಂಸ್ಥೆಗಳು ಡೀಮ್ಡ್ ವಿಶ್ವವಿದ್ಯಾನಿಲಯವಾಗಿ ಬೇರೆಯಾದವು. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು, 1998ರಲ್ಲಿ ಕೊಂಕಣ ರೈಲು ಓಡಿತು, 2018ರಲ್ಲಿ ಕಾಪು ತಾಲೂಕು ಕೇಂದ್ರವಾಯಿತು. ಕಡವುಗಳ ಮೇಲೆ ಸೇತುವೆ ಬಂದು ಎಷ್ಟೋ ಕಾಲವಾಯಿತು. ಇಂದು ಈ ಸೀಮೆಯ ಹುಡುಗಿಗೆ ಕಾಲೇಜು ಎಂಬುದು ದೂರದ ಮಾತಲ್ಲ.

ಆದರೆ ಪ್ರಶ್ನೆಗಳು ಮುಗಿದಿಲ್ಲ, ರೂಪ ಬದಲಿಸಿವೆ. ಅಂದು ದೂರವೇ ಅಡ್ಡಿ, ಇಂದು ಶುಲ್ಕ. ಅಂದು ಬಿ.ಎ. ತರಗತಿಯಲ್ಲಿ ಇತಿಹಾಸ, ಸಾಹಿತ್ಯ ಓದಲು ಜನರಿದ್ದರು, ಇಂದು ವಾಣಿಜ್ಯ, ಕಂಪ್ಯೂಟರಿನ ಕಡೆಗೆ ಎಲ್ಲರ ಓಟ. ಸೆಮಿಸ್ಟರ್ ಬಂದ ಮೇಲೆ ಆರು ತಿಂಗಳಿಗೊಂದು ಪರೀಕ್ಷೆ. 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ ವ್ಯವಸ್ಥೆಯನ್ನು 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಸಲಾಯಿತು. ಇಂಥ ಅವಸರದ ನಡುವೆ ರಾತ್ರಿಯಿಡೀ ಆಟ ನೋಡುವುದಕ್ಕೆ, ಪ್ರಾಂಶುಪಾಲರ ಕೋಣೆಯಲ್ಲಿ ಕಾವ್ಯದ ಚರ್ಚೆಗೆ ಸಮಯ ಎಲ್ಲಿಂದ ಬರಬೇಕು?

ಹಳೆಯದೆಲ್ಲ ಚೆನ್ನ ಎಂದು ಹೇಳುವುದು ಸುಲಭ. ಆ ಹಳೆಯ ಕಾಲೇಜುಗಳ ಬಾಗಿಲಲ್ಲಿ ನಿಂತು ಒಳಗೆ ಬರಲಾಗದೆ ಹೋದವರನ್ನು ನೆನೆದರೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಆದರೂ ಅವುಗಳಿಂದ ಕಲಿಯಬೇಕಾದ ಒಂದು ಪಾಠವಿದೆ. ಊರವರು ಕಟ್ಟಿದ ಕಾಲೇಜು ಊರಿನ ಮಾತನ್ನೂ ಆಟವನ್ನೂ ಕಷ್ಟವನ್ನೂ ತನ್ನದೆಂದುಕೊಂಡಿತ್ತು. ಅಲ್ಲಿ ಓದಿದವರು ಪರೀಕ್ಷೆಯ ಅಂಕಗಳನ್ನು ಮರೆತಿದ್ದಾರೆ, ಆ ನಂಟನ್ನು ಮರೆತಿಲ್ಲ. ಹೊಳೆಗೆ ಸೇತುವೆ ಕಟ್ಟುವುದು ಸರಕಾರದ ಕೆಲಸ. ಕಾಲೇಜಿಗೂ ಊರಿಗೂ ನಡುವಿನ ಸೇತುವೆಯನ್ನು ಮಾತ್ರ ಅಲ್ಲಿನ ಮೇಷ್ಟ್ರುಗಳೂ ಮಕ್ಕಳೂ ಊರವರೂ ಸೇರಿಯೇ ಕಟ್ಟಬೇಕು.